ಪೈಪು ಬಡ್ಕೊಂಡು ಹೇಳ್ತಾನೇ ಇತ್ತು, ಕೇಳೋರು ಯಾರೂ ಬರಲಿಲ್ಲ



ಉದ್ದದ ಪೋಸ್ಟ್ ಇದು. ದಯವಿಟ್ಟು ಪೂರ್ತಿ ಓದಿ. ಬಿಡದಿ, ಹಾರೋಹಳ್ಳಿ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗೋ ಹುಡುಗರು ನಿಮ್ಮ ಮನೆಯಲ್ಲಿ, ನಿಮ್ಮ ಕೇರಿಯಲ್ಲಿ ಇದ್ದರೆ ಅವರಿಗೂ ಓದಿ ಹೇಳಿ.

ಕಳೆದ ವಾರ ನಮ್ಮ ಪಕ್ಕದೂರಿನ ಹುಡುಗನೊಬ್ಬನನ್ನು ನೋಡೋಕೆ ಆಸ್ಪತ್ರೆಗೆ ಹೋಗಿದ್ದೆ. ಇಪ್ಪತ್ತಮೂರು ವರ್ಷ. ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಬಾಯ್ಲರ್ ರೂಮಿನಲ್ಲಿ ಕಂಟ್ರಾಕ್ಟ್ ಹೆಲ್ಪರ್. ಎರಡೂ ಕೈ, ಎದೆ, ಕುತ್ತಿಗೆ ಬೆಂದುಹೋಗಿದೆ. ಕಾರ್ಖಾನೆಯ ಹೆಸರು ಬರೆಯಲ್ಲ. ಅವನ ಪರಿಹಾರದ ಕೇಸು ಇನ್ನೂ ಶುರುವಾಗಬೇಕು, ಅವನ ಅಣ್ಣ ಅದೇ ಕಾಂಪೌಂಡಿನೊಳಗೆ ಲೋಡಿಂಗ್ ಕೆಲಸದಲ್ಲಿದ್ದಾನೆ. ಹೆಸರು ಹೇಳೋ ದಿನ ಬಂದಾಗ ಹೇಳೋಣ.

ವಾರ್ಡಿನ ಹೊರಗೆ ಅವನವ್ವ ಕೂತಿದ್ದರು. ನನ್ನ ನೋಡಿದ ತಕ್ಷಣ ಕೇಳಿದ್ದು ಒಂದೇ ಮಾತು. "ಅಣ್ಣ, ಇವ್ನೇ ವಾಲ್ವು ಜೋರಾಗಿ ತಿರುಗಿಸ್ಬುಟ್ನಂತೆ, ಅದ್ಕೇ ಒಡೀತಂತೆ. ಸೂಪರ್‌ವೈಜರ್ರು ಬಂದು ಹಂಗಂದೋದ್ರು. ನಮ್ದೇ ತಪ್ಪಾದ್ರೆ ದುಡ್ಡು ಕೊಡಕ್ಕಿಲ್ವಂತೆ, ದಿಟವಾ?"

ಮಗನ ಚರ್ಮ ಸುಲಿದು ಮೂರು ದಿನ ಆಗಿಲ್ಲ. ಅಷ್ಟರೊಳಗೆ ಆ ತಾಯಿಯ ತಲೆಯೊಳಗೆ ತಪ್ಪು ತಮ್ಮದೇ ಅನ್ನೋದನ್ನ ಕೂರಿಸಿ ಹೋಗಿದ್ದಾರೆ.

ಈ ಪೋಸ್ಟ್ ಆ ಒಂದು ಸುಳ್ಳಿನ ವಿರುದ್ಧ.

ನಾನು ಸಂಘಟನೆಗೆ ಬರೋ ಮುಂಚೆ ಆರು ವರ್ಷ ಬಾಯ್ಲರ್ ರೂಮಿನಲ್ಲೇ ಹೆಲ್ಪರ್ ಆಗಿದ್ದವನು. ಆದ್ದರಿಂದ ಏನಾಯ್ತು ಅಂತ ಆ ಹುಡುಗ ನಾಲ್ಕು ಮಾತು ಹೇಳುತ್ತಿದ್ದ ಹಾಗೇ ನನಗೆ ಗೊತ್ತಾಯ್ತು. ಭಾನುವಾರ ಪ್ಲಾಂಟ್ ರಜಾ. ಸೋಮವಾರ ಬೆಳಗಿನ ಜಾವ ಬಾಯ್ಲರ್ ಹೊತ್ತಿಸಿದ್ದಾರೆ. ಸ್ಟೀಮ್ ಲೈನು ಪೂರಾ ತಣ್ಣಗಿತ್ತು. ಒಂದು ಕಡೆ ಸಪೋರ್ಟ್ ಕಿತ್ತು ಹೋಗಿ ಪೈಪು ಹೊಟ್ಟೆ ಬಿಟ್ಟುಕೊಂಡಿದೆ. ಆ ಹೊಟ್ಟೆಯೊಳಗೆ ಶನಿವಾರದ ಸ್ಟೀಮು ತಣಿದು ನೀರಾಗಿ ನಿಂತಿದೆ. ಅಲ್ಲಿದ್ದ ಸ್ಟೀಮ್ ಟ್ರ್ಯಾಪ್ ಕೆಟ್ಟು ತಿಂಗಳುಗಳೇ ಆಗಿವೆ. ಸ್ಟೀಮ್ ಲೀಕ್ ಆಗಿ ಸೌದೆ ಖರ್ಚು ಜಾಸ್ತಿ ಬರ್ತಿದೆ ಅಂತ ಅದರ ವಾಲ್ವನ್ನೇ ಮುಚ್ಚಿಟ್ಟಿದ್ದಾರೆ. ಐದೂವರೆಗೆ ಪ್ರೊಡಕ್ಷನ್ನಿನಿಂದ ಫೋನು. "ಸ್ಟೀಮ್ ಯಾಕೋ ಬಂದಿಲ್ಲ? ಲೈನ್ ನಿಂತಿದೆ." ಸೂಪರ್‌ವೈಸರ್ "ತೆಗಿಯೋ, ಬೇಗ ತೆಗಿ" ಅಂದಿದ್ದಾನೆ. ಹುಡುಗ ತೆಗೆದಿದ್ದಾನೆ. ಢಣ್ ಅಂತ ಒಂದು ಸಲ. ಎರಡನೇ ಸಲ. ಮೂರನೇ ಸಲಕ್ಕೆ ಫ್ಲ್ಯಾಂಜಿನ ಗ್ಯಾಸ್ಕೆಟ್ ಹಾರಿ ಸ್ಟೀಮು ಅವನ ಮೇಲೆ.

ಇದಕ್ಕೆ ವಾಟರ್ ಹ್ಯಾಮರ್ ಅಂತಾರೆ. ನೀರಿನ ಸುತ್ತಿಗೆ.

ಇದು ಗೊತ್ತಿಲ್ಲದವರಿಗೆ ನಮ್ಮೂರಿನ ಭಾಷೆಯಲ್ಲೇ ಹೇಳ್ತೀನಿ. ಬಿಡದಿ ಅಂದರೆ ಊರಿಗೆಲ್ಲ ತಟ್ಟೆ ಇಡ್ಲಿ. ಮೈಸೂರು ರಸ್ತೆಯಲ್ಲಿ ಹೋಗೋರೆಲ್ಲ ಕಾರು ನಿಲ್ಲಿಸಿ ತಿಂತಾರೆ. ಆ ಇಡ್ಲಿ ಬೇಯೋದು ಹಬೆಯಲ್ಲಿ. ಪಾತ್ರೆ ಮುಚ್ಚಳ ತೆಗೆದಾಗ ಮುಚ್ಚಳದ ಒಳಗಡೆಯಿಂದ ನೀರು ತೊಟ್ಟಿಕ್ಕೋದನ್ನ ಎಲ್ಲರೂ ನೋಡಿದ್ದೀರಿ. ಹಬೆ ತಣ್ಣಗಿನ ಮುಚ್ಚಳಕ್ಕೆ ತಾಕಿ ಮತ್ತೆ ನೀರಾಗಿದೆ, ಅಷ್ಟೇ. ಕಾರ್ಖಾನೆಯ ಪೈಪಿನಲ್ಲೂ ಅದೇ. ಪೈಪು ತಣ್ಣಗಿದ್ದಷ್ಟೂ ಜಾಸ್ತಿ ನೀರು. ಆ ನೀರನ್ನ ಹೊರಗೆ ಬಿಡೋದಕ್ಕೇ ಟ್ರ್ಯಾಪ್ ಇರೋದು, ಡ್ರೈನ್ ವಾಲ್ವ್ ಇರೋದು, ಪೈಪನ್ನ ಹರಿವಿನ ಕಡೆಗೆ ಸ್ವಲ್ಪ ಇಳಿಜಾರು ಮಾಡಿ ಕಟ್ಟೋದು. ನೂರು ಅಡಿಗೆ ಒಂದಡಿ ಇಳಿಜಾರು ಅನ್ನೋದು ಫಿಟ್ಟರ್‌ಗಳ ಹಳೇ ಲೆಕ್ಕ.

ನೀರು ಹೊರಗೆ ಹೋಗದೆ ನಿಂತರೆ? ಸ್ಟೀಮು ಪೈಪಿನೊಳಗೆ ಸೆಕೆಂಡಿಗೆ 25ರಿಂದ 40 ಮೀಟರ್ ವೇಗದಲ್ಲಿ ಓಡುತ್ತೆ. ಅಂದರೆ ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸು, ನಮ್ಮ ಎಕ್ಸ್‌ಪ್ರೆಸ್ ವೇಯಲ್ಲಿ ಕಾರು ಓಡೋ ಹಾಗೆ. ಅದು ನಿಂತ ನೀರನ್ನ ಅಲೆ ಎಬ್ಬಿಸಿ, ಪೈಪು ತುಂಬೋ ಹಾಗೆ ಗಟ್ಟಿ ಮಾಡಿ, ತಳ್ಳಿಕೊಂಡು ಹೋಗುತ್ತೆ. ನಾಲ್ಕು ಇಂಚಿನ ಪೈಪಿನಲ್ಲಿ ಒಂದು ಮೀಟರ್ ಉದ್ದಕ್ಕೆ ನೀರು ತುಂಬಿದರೆ ಎಂಟು ಕೆಜಿ ತೂಕ. ಆ ಎಂಟು ಕೆಜಿ ಆ ವೇಗದಲ್ಲಿ ಬಂದು ಎಲ್ಲಿ ಪೈಪು ತಿರುಗುತ್ತೋ, ಎಲ್ಲಿ ವಾಲ್ವ್ ಇದೆಯೋ ಅಲ್ಲಿ ಹೊಡೆಯುತ್ತೆ.

ಇನ್ನೊಂದು ರೀತಿ ಇದಕ್ಕಿಂತ ಕೆಟ್ಟದ್ದು. ಒಂದು ಲೀಟರ್ ನೀರು ಕುದ್ದು ಹಬೆಯಾದರೆ ಮಾಮೂಲಿ ಗಾಳಿಯ ಒತ್ತಡದಲ್ಲಿ ಸುಮಾರು 1,600 ಲೀಟರ್ ಜಾಗ ಬೇಕು. ಇದನ್ನೇ ಉಲ್ಟಾ ಯೋಚನೆ ಮಾಡಿ. ತಣ್ಣಗಿನ ನೀರಿನ ನಡುವೆ ಒಂದು ಗುಳ್ಳೆ ಸ್ಟೀಮು ಸಿಕ್ಕಿಕೊಂಡರೆ ಅದು ಕಣ್ಣು ಮಿಟುಕಿಸೋದರೊಳಗೆ ನೀರಾಗಿ ಕುಗ್ಗಿಬಿಡುತ್ತೆ. ಅಲ್ಲಿ ಖಾಲಿ ಜಾಗ. ಅದನ್ನ ತುಂಬೋಕೆ ಸುತ್ತಲ ನೀರು ನುಗ್ಗಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತೆ. ಆ ಏಟಿಗೆ ಬೀಡು ಕಬ್ಬಿಣದ ವಾಲ್ವು ಮಡಕೆ ಹಾಗೆ ಒಡೆಯುತ್ತೆ. ಗೇಜಿನಲ್ಲಿ ಪ್ರೆಶರ್ ಕಡಿಮೆ ಇದೆ ಅಂತ ಧೈರ್ಯ ಮಾಡೋ ಹಾಗಿಲ್ಲ. ಕಡಿಮೆ ಪ್ರೆಶರಿನ ಲೈನಿನಲ್ಲೂ ಇದು ಆಗುತ್ತೆ.

ಈಗ ಆ ಸೂಪರ್‌ವೈಸರ್ ಮಾತಿಗೆ ಬನ್ನಿ. "ಹುಡುಗ ವಾಲ್ವ್ ಜೋರಾಗಿ ತಿರುಗಿಸಿದ." ಹೌದು, ತಿರುಗಿಸಿದ. ತಿರುಗಿಸು ಅಂದೋರು ಯಾರು? ಟ್ರ್ಯಾಪ್ ಮುಚ್ಚಿಸಿದ್ದು ಯಾರು? ಕಿತ್ತು ಹೋದ ಸಪೋರ್ಟ್ ರಿಪೇರಿ ಮಾಡಿಸದೆ ಬಿಟ್ಟಿದ್ದು ಯಾರು? ಲೈನ್ ಬಿಸಿಯಾಗೋಕೆ ಬೇಕಾದ ಅರ್ಧ ಮುಕ್ಕಾಲು ಗಂಟೆ ಕೊಡದೇ ಇದ್ದದ್ದು ಯಾರು? ನೀರು ತುಂಬಿದ ಪೈಪಿಗೆ ಮೆಲ್ಲಗೆ ಸ್ಟೀಮ್ ಬಿಟ್ಟರೂ ಸುತ್ತಿಗೆ ಬೀಳಬಹುದು. ತಪ್ಪು ತಿರುಗಿಸಿದ ಕೈಯದಲ್ಲ, ನಿಂತ ನೀರಿನದು. ನೀರನ್ನ ಹಾಗೆ ನಿಲ್ಲೋಕೆ ಬಿಟ್ಟಿದ್ದು ಹೆಲ್ಪರ್ ಅಲ್ಲ.

ಮುಖ್ಯವಾದ ವಿಷಯ ಇದು. ಪೈಪು ಹೇಳದೆ ಕೇಳದೆ ಒಡೆಯೋದು ಕಡಿಮೆ. ತಿಂಗಳುಗಟ್ಟಲೆ ಮುಂಚೆಯಿಂದ ಬಡ್ಕೊಂಡು ಹೇಳ್ತಾ ಇರುತ್ತೆ. ಆ ಹುಡುಗ ಮೂರು ಸಲ ಹೇಳಿದ್ದನಂತೆ, "ಸಾರ್, ಲೈನು ಢಬಢಬ ಅಂತದೆ" ಅಂತ. ಸಿಕ್ಕ ಉತ್ತರ: "ಹಳೇ ಲೈನು ಕಣೋ, ಹಂಗೇ ಸದ್ದು ಮಾಡ್ತದೆ, ನಿನ್ ಕೆಲ್ಸ ನೋಡ್ಕೋ ಹೋಗು."

ಸದ್ದು ಕೇಳಿಸಿಕೊಳ್ಳೋನಿಗೆ ನಿಲ್ಲಿಸೋ ಅಧಿಕಾರ ಇಲ್ಲ. ನಿಲ್ಲಿಸೋ ಅಧಿಕಾರ ಇರೋನು ಸದ್ದು ಕೇಳಿಸೋ ಜಾಗಕ್ಕೆ ಬರಲ್ಲ. ಇವರಿಬ್ಬರ ನಡುವೆ ಇರೋ ಅಂತರಕ್ಕೆ ನಮ್ಮ ದೇಶದಲ್ಲಿ ಒಂದು ಹಳೇ ಹೆಸರಿದೆ. ಜಾತಿ.

ಇಷ್ಟು ಓದಿದ ತಕ್ಷಣ ಕೆಲವರು ಕಾಮೆಂಟ್ ಹಾಕೋಕೆ ಬರ್ತಾರೆ ಅಂತ ಗೊತ್ತು. "ಬ್ರದರ್, ಪೈಪಿಗೂ ಜಾತಿ ತಂದ್ರಾ? ಸ್ಟೀಮು ಜಾತಿ ನೋಡಿ ಸುಡುತ್ತಾ?"

ಇಲ್ಲ ಸ್ವಾಮಿ, ಸ್ಟೀಮು ಜಾತಿ ನೋಡಲ್ಲ. ಸ್ಟೀಮಿನ ಮುಂದೆ ಯಾರನ್ನ ನಿಲ್ಲಿಸಬೇಕು ಅನ್ನೋದನ್ನ ಜಾತಿ ನೋಡಿ ತೀರ್ಮಾನ ಮಾಡ್ತಾರೆ. ಬಾಯ್ಲರ್ ರೂಮು ಎಲ್ಲಿರುತ್ತೆ ಹೋಗಿ ನೋಡಿ. ಫ್ಯಾಕ್ಟರಿಯ ಹಿಂಭಾಗ, ಸ್ಕ್ರ್ಯಾಪ್ ಯಾರ್ಡ್ ಪಕ್ಕ, ಕೊಳಚೆ ನೀರಿನ ಟ್ಯಾಂಕ್ ಪಕ್ಕ. ಊರಿನಲ್ಲಿ ನಮ್ಮ ಕಾಲೋನಿ ಎಲ್ಲಿದೆಯೋ ಅದೇ ದಿಕ್ಕು, ಅದೇ ಲೆಕ್ಕ. ಬೂದಿ ಎಳೆಯೋಕೆ, ಸೌದೆ ಹಾಕೋಕೆ, ಬಾಯ್ಲರ್ ಒಳಗೆ ಇಳಿದು ಮಸಿ ಕೆರೆಯೋಕೆ ಜನ ಬೇಕು ಅಂದಾಗ ಮೇಸ್ತ್ರಿ ನೆಟ್ಟಗೆ ಕಾಲೋನಿಗೆ ಬರ್ತಾನೆ. ನನ್ನನ್ನ ಕರೆದುಕೊಂಡು ಹೋದವನೂ ಹಾಗೇ ಬಂದಿದ್ದ. ನಮ್ಮವರು ಸಾಲದಿದ್ದರೆ ರಾಯಚೂರು, ಕಲಬುರಗಿ ಕಡೆಯವರು. ಅವರೂ ಸಾಲದಿದ್ದರೆ ಬಿಹಾರ, ಒಡಿಶಾ. ಐಟಿಐ, ಡಿಪ್ಲೊಮಾ ಮಾಡಿದ ನಮ್ಮ ಹುಡುಗರಿಗೂ ಸಿಗೋದು ಹಿಂದಿನ ಗೇಟಿನ ಪಾಸೇ.

ಇದು ಹೊಸದೂ ಅಲ್ಲ. ಬಾಂಬೆಯ ಬಟ್ಟೆ ಗಿರಣಿಗಳಲ್ಲಿ ಒಂದು ಕಾಲಕ್ಕೆ ಅಸ್ಪೃಶ್ಯರನ್ನ ನೇಯ್ಗೆ ವಿಭಾಗಕ್ಕೆ ಬಿಡುತ್ತಿರಲಿಲ್ಲ. ಲಾಳಿಗೆ ನೂಲು ಏರಿಸುವಾಗ ಬಾಯಿಂದ ಎಳೆಯಬೇಕಿತ್ತು, ಮೈಲಿಗೆ ಆಗುತ್ತೆ ಅಂತ. ಕೂಲಿ ಜಾಸ್ತಿ ಇದ್ದದ್ದು ನೇಯ್ಗೆಯಲ್ಲೇ. 1938ರ ಫೆಬ್ರವರಿಯಲ್ಲಿ ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಮುಂದೆ ಬಾಬಾಸಾಹೇಬರು ಮಾತಾಡಿದ್ದು ಇಂಥದ್ದರ ಬಗ್ಗೆಯೇ. ಬಂಡವಾಳಶಾಹಿಯ ಜೊತೆಗೆ ಬ್ರಾಹ್ಮಣಶಾಹಿಯೂ ಕಾರ್ಮಿಕನ ಶತ್ರು ಅಂತ ಅವರು ಅಂದು ಹೇಳಿದ್ದನ್ನ ಕೆಂಪು ಬಾವುಟದ ಸಂಗಾತಿಗಳು ಇವತ್ತಿಗೂ ಅರ್ಧ ಮಾತ್ರ ಕೇಳಿಸಿಕೊಂಡಿದ್ದಾರೆ.

ಈಗ ಬಾಯ್ಲರ್ ರೂಮಿನ ಮೈಲಿಗೆ ಹೇಗಿದೆ ಅಂತ ಹೇಳ್ತೀನಿ. ಬಾಯ್ಲರ್ ನಡೆಸೋನಿಗೆ ಸರ್ಟಿಫಿಕೇಟ್ ಇರಬೇಕು ಅಂತ ಕಾನೂನಿದೆ. ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್ ಬಾಯ್ಲರ್ ಅಟೆಂಡೆಂಟ್. ಆ ಪರೀಕ್ಷೆಗೆ ಕೂರೋಕೆ ಕೆಲಸ ಮಾಡಿದ ಅನುಭವದ ಪತ್ರ ಬೇಕು. ನಾನು ಆರು ವರ್ಷ ಬಾಯ್ಲರ್ ಹತ್ತಿರ ಬೆವರಿದೆ. ಪತ್ರ ಕೇಳಿದಾಗ ಕಂಟ್ರಾಕ್ಟರ್ ಹೇಳಿದ್ದು: "ನೀನು ನಮ್ ರೆಕಾರ್ಡಲ್ಲಿ ಹೌಸ್‌ಕೀಪಿಂಗ್ ಅಲ್ವೇನಪ್ಪಾ?" ಆರು ವರ್ಷದ ಅನುಭವ ಪೊರಕೆ ಲೆಕ್ಕಕ್ಕೆ ಹೋಯ್ತು. ಗೋಡೆ ಮೇಲೆ ಫ್ರೇಮ್ ಹಾಕಿದ ಸರ್ಟಿಫಿಕೇಟ್ ಒಬ್ಬ ಅಟೆಂಡೆಂಟ್‌ದು. ಆತ ಹಗಲು ಶಿಫ್ಟಿನವನು. ರಾತ್ರಿ ಬಾಯ್ಲರ್ ನಡೆಸುತ್ತಿದ್ದದ್ದು ರೆಕಾರ್ಡಿನಲ್ಲಿ ಪೊರಕೆ ಹಿಡಿದಿದ್ದ ನಾವು.

ಕಾಗದದಲ್ಲಿ ಬಾಯ್ಲರ್ ಹತ್ತಿರ ಇಲ್ಲದ ಮನುಷ್ಯ ಸುಟ್ಟುಕೊಂಡಾಗ ಮಾತ್ರ ಅದೇ ಬಾಯ್ಲರಿನ ಆಪರೇಟರ್ ಆಗಿಬಿಡ್ತಾನೆ. "ಆಪರೇಟರ್ ನಿರ್ಲಕ್ಷ್ಯ" ಅಂತ ರಿಪೋರ್ಟು. ಸಂಬಳಕ್ಕೆ ಹೆಲ್ಪರ್, ತಪ್ಪಿಗೆ ಆಪರೇಟರ್.

2025ರ ಜನವರಿ ನೆನಪಿದೆಯಾ? ಇದೇ ಬಿಡದಿಯಲ್ಲಿ, ಬೆಂಗಳೂರಿನ ಕಸ ಸುಟ್ಟು ಕರೆಂಟ್ ಮಾಡೋ ಸ್ಥಾವರದಲ್ಲಿ ಬಿಸಿ ಬೂದಿ ಮೈಮೇಲೆ ಬಿದ್ದು ಐವರು ಕಾರ್ಮಿಕರು ಸುಟ್ಟುಕೊಂಡರು. ಐವರೂ ಬಿಹಾರದವರು. ಅದು ವಾಟರ್ ಹ್ಯಾಮರ್ ಅಲ್ಲ, ಬೂದಿ. ಆದರೆ ಮುಂದೆ ನಿಂತಿದ್ದವರು ಯಾರು ನೋಡಿ. 2017ರ ನವೆಂಬರ್ 1ರಂದು ಉತ್ತರ ಪ್ರದೇಶದ ಉಂಚಾಹಾರ್‌ನ ಎನ್‌ಟಿಪಿಸಿ ಸ್ಥಾವರದಲ್ಲಿ ಬಾಯ್ಲರಿನ ತಳದಲ್ಲಿ ಬೂದಿ ಗಟ್ಟಿ ಕಟ್ಟಿತ್ತು. ಯೂನಿಟ್ ನಡೀತಾ ಇರುವಾಗಲೇ ಅದನ್ನ ತೆಗೆಯೋ ಕೆಲಸ ನಡೆದಿತ್ತು. ಸ್ಫೋಟ ಆಗಿ 40ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳ ಮಂದಿ ಗುತ್ತಿಗೆಯವರು. ಕಾರ್ಖಾನೆ ನಿಲ್ಲಬಾರದು, ಅದೊಂದೇ ಮಂತ್ರ. ನಿಲ್ಲಿಸಿದ್ದರೆ ಎಷ್ಟು ಲಾಸ್ ಅನ್ನೋ ಲೆಕ್ಕ ಆಫೀಸಿನಲ್ಲಿ ಇರುತ್ತೆ. ನಿಲ್ಲಿಸದಿದ್ದರೆ ಯಾರ ಮನೆ ನಿಲ್ಲುತ್ತೆ ಅನ್ನೋ ಲೆಕ್ಕ ಯಾವ ಆಫೀಸಿನಲ್ಲೂ ಇಲ್ಲ.

"ಬಡ ದೇಶ, ಹಳೇ ಫ್ಯಾಕ್ಟರಿ, ಏನ್ ಮಾಡೋಕಾಗುತ್ತೆ" ಅನ್ನೋರಿಗೆ ನ್ಯೂಯಾರ್ಕಿನ ಕಥೆ ಹೇಳ್ತೀನಿ. 2007ರ ಜುಲೈ 18. ಮ್ಯಾನ್‌ಹಟನ್ ರಸ್ತೆಯ ಕೆಳಗಿದ್ದ 1924ರ ಸ್ಟೀಮ್ ಪೈಪು ಒಡೆದು ಕಟ್ಟಡದೆತ್ತರಕ್ಕೆ ಚಿಮ್ಮಿತು. ಒಬ್ಬರು ಸತ್ತರು, ಹತ್ತಾರು ಜನ ಗಾಯಗೊಂಡರು. ತನಿಖೆ ಮಾಡಿದಾಗ ಸಿಕ್ಕಿದ್ದು ಪೈಪಿನ ವಯಸ್ಸಲ್ಲ. ಹಿಂದೆ ಲೀಕ್ ಮುಚ್ಚೋಕೆ ಹಾಕಿದ್ದ ಅಂಟು ಹೋಗಿ ಟ್ರ್ಯಾಪಿನಲ್ಲಿ ಕಟ್ಟಿಕೊಂಡಿತ್ತು. ಜೋರು ಮಳೆ ನೀರು ಪೈಪಿನ ಸುತ್ತ ನಿಂತು ಪೈಪು ತಣ್ಣಗಾಗಿ ಒಳಗೆ ಹಬೆ ನೀರಾಯ್ತು. ಟ್ರ್ಯಾಪ್ ಕಟ್ಟಿಕೊಂಡಿದ್ದರಿಂದ ನೀರು ಹೊರಗೆ ಹೋಗಲಿಲ್ಲ. ವಾಟರ್ ಹ್ಯಾಮರ್. ನ್ಯೂಯಾರ್ಕಿನಲ್ಲಿ ಟ್ರ್ಯಾಪ್ ಗೊತ್ತಿಲ್ಲದೆ ಕಟ್ಟಿಕೊಂಡಿತ್ತು. ಬಿಡದಿಯಲ್ಲಿ ಗೊತ್ತಿದ್ದೂ ಮುಚ್ಚಿದ್ದರು.

ಕಾನೂನಿನ ವಿಷಯ. 1863ರಲ್ಲಿ ಕಲ್ಕತ್ತಾದಲ್ಲಿ ಒಂದು ಬಾಯ್ಲರ್ ಸ್ಫೋಟ ಆಗಿ ಜನ ಸತ್ತ ಮೇಲೆ 1864ರಲ್ಲಿ ಬಂಗಾಳಕ್ಕೆ ಬಾಯ್ಲರ್ ಕಾನೂನು ಬಂತು. ಇಡೀ ದೇಶಕ್ಕೆ ಬಂದದ್ದು 1923ರಲ್ಲಿ. ಆ ಕಾನೂನು ಹೋಗಿ ಈಗ 2025ರ ಬಾಯ್ಲರ್ ಕಾಯ್ದೆ ಬಂದಿದೆ. ಏಳು ಅಪರಾಧಗಳಲ್ಲಿ ನಾಲ್ಕಕ್ಕೆ ಮಾತ್ರ ಕ್ರಿಮಿನಲ್ ಶಿಕ್ಷೆ ಉಳಿಸಿ, ಮಿಕ್ಕಿದ್ದಕ್ಕೆ ದಂಡ ಕಟ್ಟಿದರೆ ಮುಗೀತು ಅನ್ನೋ ಹಾಗೆ ಮಾಡಿದ್ದಾರೆ. ಜೀವ ಹೋಗೋ ಅಪರಾಧಗಳಿಗೆ ಶಿಕ್ಷೆ ಇಟ್ಟಿದ್ದೀವಲ್ಲ ಅಂತಾರೆ ಸರ್ಕಾರದವರು. ಸರಿ. ಆದರೆ ನೂರು ವರ್ಷ ಶಿಕ್ಷೆ ಇದ್ದಾಗಲೇ ನಮ್ಮ ಎಷ್ಟು ಜನಕ್ಕೆ ನ್ಯಾಯ ಸಿಕ್ಕಿದೆ? ಈಗ ಇನ್‌ಸ್ಪೆಕ್ಟರ್ ಹೋಗಿ ಹೊಸ ಸಂಹಿತೆಯಲ್ಲಿ "ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್" ಬಂದಿದ್ದಾನೆ. ಅನುಕೂಲ ಮಾಡಿಕೊಡೋನು. ಯಾರಿಗೆ ಅನುಕೂಲ ಅಂತ ನಾನು ಬಿಡಿಸಿ ಹೇಳಬೇಕಾ?

ಇನ್ನೊಂದು ತೂತು ನೋಡಿ. ವರ್ಷಕ್ಕೊಮ್ಮೆ ತಪಾಸಣೆ, ಸರ್ಟಿಫಿಕೇಟು ಅನ್ನೋದೆಲ್ಲ ಬಾಯ್ಲರಿಗೆ. ಪೈಪಿನ ವಿಷಯಕ್ಕೆ ಬಂದರೆ 1923ರ ಕಾಯ್ದೆ ಸ್ಟೀಮ್ ಪೈಪ್ ಅಂತ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ಮೂರೂವರೆ ಕೆಜಿಗಿಂತ ಜಾಸ್ತಿ ಪ್ರೆಶರ್ ಇರೋದನ್ನ, ಇಲ್ಲಾ ಬಹಳ ದಪ್ಪ ಪೈಪನ್ನ. ಅಡುಗೆ ಮನೆಗೆ, ಲಾಂಡ್ರಿಗೆ, ಹಿಂದಕ್ಕೆ ಬರೋ ಬಿಸಿನೀರಿನ ಲೈನಿಗೆ ಹೋಗೋ ಸಣ್ಣ ಪೈಪುಗಳು ಆ ಲೆಕ್ಕಕ್ಕೇ ಬರುತ್ತಿರಲಿಲ್ಲ. ನೀರು ನಿಲ್ಲೋದು, ಸುತ್ತಿಗೆ ಬೀಳೋದು ಅಲ್ಲೂ ಇದೆ.

ನಮ್ಮ ಜಿಲ್ಲೆಯ ಹೆಸರನ್ನ ರಾಮನಗರ ತೆಗೆದು ಬೆಂಗಳೂರು ದಕ್ಷಿಣ ಮಾಡೋಕೆ ಎಷ್ಟು ಸಭೆ, ಎಷ್ಟು ಭಾಷಣ ಆದವು! ಪಕ್ಷ ಯಾವುದೇ ಇರಲಿ, ಅದರಲ್ಲಿ ಕಾಲು ಭಾಗ ಉತ್ಸಾಹ ತೋರಿಸಿ ಒಬ್ಬನೇ ಒಬ್ಬ ಎಂಎಲ್‌ಎ, ಎಂಪಿ ಬಿಡದಿಯ ಒಂದು ಬಾಯ್ಲರ್ ರೂಮಿಗೆ ಸೋಮವಾರ ಬೆಳಗ್ಗೆ ಐದಕ್ಕೆ ಬಂದು ನಿಂತಿದ್ದನ್ನ ನಾನು ನೋಡಿಲ್ಲ. ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, 1943ರ ಡಿಸೆಂಬರಿನಲ್ಲಿ, ಧನ್‌ಬಾದ್ ಕಡೆಯ ಕಲ್ಲಿದ್ದಲು ಗಣಿಗಳಿಗೆ ಹೋಗಿ ಒಳಗೆ ಇಳಿದು ನೋಡಿದರು. ಏಪ್ರಿಲ್ 14ಕ್ಕೆ ಅವರ ಫೋಟೋಗೆ ಹಾರ ಹಾಕೋ ಮಂತ್ರಿಗಳೇ, ಗಣಿ ಬೇಡ, ನೆಲದ ಮೇಲಿರೋ ಬಾಯ್ಲರ್ ರೂಮಿಗೆ ಬನ್ನಿ ಸಾಕು.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು, ಇಲ್ಲಾಂದ್ರೆ ಇದು ಬರೀ ಬೈಗುಳ ಆಗುತ್ತೆ. ಮ್ಯಾನ್‌ಹೋಲಿನಲ್ಲಿ ನಮ್ಮವರು ಸತ್ತಾಗ ನಾವು ಬೀದಿಗೆ ಬರ್ತೀವಿ. 2013ರ ಕಾನೂನು ಹಿಡಿದು ಮಾತಾಡ್ತೀವಿ. ಬರಲೇಬೇಕು. ಆದರೆ ಬಾಯ್ಲರ್ ರೂಮಿನಲ್ಲಿ ಬೆಂದವನನ್ನ "ಕಾರ್ಮಿಕ ಸಮಸ್ಯೆ" ಅಂತ ಯೂನಿಯನ್ನಿಗೆ ಬಿಟ್ಟುಬಿಡ್ತೀವಿ. ಯೂನಿಯನ್ನು ಪರ್ಮನೆಂಟ್ ನೌಕರರದ್ದು. ಅವರು "ಕಂಟ್ರಾಕ್ಟ್ ವಿಷಯ ನಮ್ದಲ್ಲ" ಅಂತಾರೆ. ಎರಡು ಬಾವುಟಗಳ ನಡುವೆ ನಮ್ಮ ಹುಡುಗ ಆಸ್ಪತ್ರೆಯಲ್ಲಿ ಒಬ್ಬನೇ ಮಲಗಿರ್ತಾನೆ. ಮೀಸಲಾತಿ, ಪ್ರತಿಮೆ, ಜಯಂತಿ ಎಲ್ಲದರ ಬಗ್ಗೆ ನನಗೂ ಮಾತಾಡೋಕೆ ಬರುತ್ತೆ. ಆದರೆ ಸ್ಟೀಮ್ ಟ್ರ್ಯಾಪ್ ಬಗ್ಗೆ ಇಲ್ಲಿಯವರೆಗೆ ಒಂದೇ ಒಂದು ಪೋಸ್ಟ್ ಹಾಕಿರಲಿಲ್ಲ. ಆರು ವರ್ಷದ ಕಲಿಕೆಯನ್ನ ಮನೆಯಲ್ಲಿಟ್ಟುಕೊಂಡು ಕೂತಿದ್ದೆ. ಆ ತಪ್ಪಿಗೆ ಈ ಪೋಸ್ಟ್.

ಬಾಯ್ಲರ್ ರೂಮಿಗೆ, ಸ್ಟೀಮ್ ಲೈನಿನ ಹತ್ತಿರಕ್ಕೆ ಹೋಗೋ ತಮ್ಮಂದಿರಿಗೆ, ತಂಗಿಯರಿಗೆ ಹೇಳ್ತಿದ್ದೀನಿ. ಇಷ್ಟನ್ನ ನೋಡಿಟ್ಟುಕೊಳ್ಳಿ:

1. ಸದ್ದು. ಟಕಟಕ, ಢಣ್, ಸುತ್ತಿಗೆಯಲ್ಲಿ ಹೊಡೆದ ಹಾಗೆ. ಬೆಳಗ್ಗೆ ಶುರು ಮಾಡುವಾಗ, ಲೋಡ್ ಏಕಾಏಕಿ ಜಾಸ್ತಿ ಆದಾಗ ಕೇಳಿಸಿದರೆ ಒಳಗೆ ನೀರಿದೆ ಅಂತಲೇ ಅರ್ಥ. "ಮಾಮೂಲಿ ಸದ್ದು" ಅನ್ನೋದು ಇಲ್ಲ.

2. ಪೈಪು ಅಲುಗಾಡೋದು, ಗೇಜಿನ ಮುಳ್ಳು ಕುಣಿಯೋದು, ಕ್ಲಾಂಪ್ ಬಗ್ಗಿರೋದು, ಲ್ಯಾಗಿಂಗ್ ಬಿರುಕು ಬಿಟ್ಟಿರೋದು, ಫ್ಲ್ಯಾಂಜ್‌ಗಳಲ್ಲಿ ಪದೇ ಪದೇ ಗ್ಯಾಸ್ಕೆಟ್ ಹೋಗೋದು. ಇವೆಲ್ಲ ಏಟು ಬಿದ್ದಿರೋ ಗುರುತು.

3. ಪೈಪು ಎಲ್ಲಾದರೂ ಹೊಟ್ಟೆ ಬಿಟ್ಟಿದೆಯಾ, ಮೇಲಕ್ಕೆ ಏರೋ ಕಡೆ ಬುಡದಲ್ಲಿ, ಲೈನಿನ ಕೊನೆಯಲ್ಲಿ, ಕಂಟ್ರೋಲ್ ವಾಲ್ವಿನ ಮುಂದೆ ಡ್ರೈನ್ ಇದೆಯಾ ನೋಡಿ. ನೀರು ನಿಲ್ಲೋದು ಅಲ್ಲೇ.

4. ಲೈನು ಬಿಸಿ ಇದ್ದಾಗ ಟ್ರ್ಯಾಪ್ ತಣ್ಣಗಿದ್ದರೆ ಅದು ಕೆಲಸ ಮಾಡ್ತಿಲ್ಲ, ಇಲ್ಲಾ ಯಾರೋ ಮುಚ್ಚಿದ್ದಾರೆ. ಕೈ ಇಟ್ಟು ನೋಡಬೇಡಿ. ಟೆಂಪರೇಚರ್ ಗನ್ ಕೇಳಿ.

5. ತಣ್ಣಗಿನ ಲೈನ್ ಶುರು ಮಾಡೋ ಮುಂಚೆ, ಒಳಗೆ ಪ್ರೆಶರ್ ಇಲ್ಲದಿರುವಾಗಲೇ, ಎಲ್ಲಾ ಡ್ರೈನ್ ತೆಗೆದು ನೀರು ಪೂರಾ ಹೋಗೋಕೆ ಬಿಡಬೇಕು. ಆಮೇಲೆ ಸ್ವಲ್ಪ ಸ್ವಲ್ಪ ಸ್ಟೀಮ್, ಬೈಪಾಸ್ ಇದ್ದರೆ ಅದರಲ್ಲಿ. ಲೈನು ಬಿಸಿಯಾಗಿ ಡ್ರೈನಿನಿಂದ ನೀರು ನಿಂತು ಬರೀ ಸ್ಟೀಮ್ ಬರೋವರೆಗೆ ಮೇನ್ ವಾಲ್ವ್ ಪೂರ್ತಿ ತೆಗೆಯಬಾರದು. ಯಾರು ಎಷ್ಟೇ ಫೋನ್ ಮಾಡಲಿ.

6. ಸುತ್ತಿಗೆ ಶುರುವಾದರೆ ಪೈಪಿನ ಹತ್ತಿರ ಹೋಗಬೇಡಿ, ಎಲ್ಲರನ್ನೂ ದೂರ ಕಳಿಸಿ. ದೂರದಿಂದ, ಸೇಫ್ ಆಗಿ ಮುಟ್ಟೋಕೆ ಆಗೋ ಹಾಗಿದ್ದರೆ ಮಾತ್ರ ಬಾಯ್ಲರ್ ಕಡೆಯಿಂದ ನಿಧಾನವಾಗಿ ಸ್ಟೀಮ್ ಬಂದ್ ಮಾಡಿ. ಪ್ರೆಶರ್ ಇರುವಾಗ, ನೀರು ನಿಂತಿರುವಾಗ ಓಡಿಹೋಗಿ ಡ್ರೈನ್ ತೆಗೆಯೋದು ಸಾವನ್ನ ಕರೆದ ಹಾಗೆ. ನೀರು ಸರಿದ ಜಾಗಕ್ಕೆ ಸ್ಟೀಮು ನುಗ್ಗಿ ಇನ್ನೂ ದೊಡ್ಡ ಏಟು ಬೀಳುತ್ತೆ.

7. ಸ್ಟೀಮ್ ಲೀಕಿನ ಹತ್ತಿರ ಕೈ ಆಡಿಸಬೇಡಿ. ಬೆಳ್ಳಗೆ ಕಾಣೋದು ತಣಿದ ಹಬೆ. ಪೈಪಿನ ತೂತಿನಿಂದ ಬರೋ ನಿಜವಾದ ಸ್ಟೀಮು ಕಣ್ಣಿಗೆ ಕಾಣಲ್ಲ. ಏಳು ಕೆಜಿ ಪ್ರೆಶರಿನ ಲೈನಿನಲ್ಲಿ ಅದು 170 ಡಿಗ್ರಿ ಇರುತ್ತೆ.

8. ಯಾರಾದರೂ ಸುಟ್ಟುಕೊಂಡರೆ ತಕ್ಷಣ ಹರಿಯೋ ನಲ್ಲಿ ನೀರಿನಲ್ಲಿ 20 ನಿಮಿಷ. ಐಸ್ ಬೇಡ, ಪೇಸ್ಟ್ ಬೇಡ, ಇಂಕು ಬೇಡ. ಅಂಟಿಕೊಂಡ ಬಟ್ಟೆ ಎಳೀಬೇಡಿ.

ಸದ್ದು ಕೇಳಿದ ದಿನ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ತಾರೀಖು, ಟೈಮು ಹಾಕಿ ಶಿಫ್ಟ್ ಲಾಗ್ ಬುಕ್ಕಿನಲ್ಲಿ ಬರೀರಿ, ಅದರ ಫೋಟೋ ತೆಗೆದು ಮನೆಯವರಿಗೆ ಕಳಿಸಿ. ಲಾಗ್ ಬುಕ್ ಮುಟ್ಟೋಕೆ ಬಿಡದಿದ್ದರೆ ಸೂಪರ್‌ವೈಸರಿಗೆ ವಾಟ್ಸಾಪ್ ಮಾಡಿ. ಜೀವಕ್ಕೆ ಅಪಾಯ ಕಂಡರೆ ಮಾಲೀಕರಿಗೂ ಇನ್‌ಸ್ಪೆಕ್ಟರಿಗೂ ಹೇಳೋ ಹಕ್ಕು ಈಗಿನ ಸಂಹಿತೆಯಲ್ಲಿ ಇದೆ. ರಾಜ್ಯದಲ್ಲಿ ಇದಕ್ಕೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಅಂತಲೇ ಒಂದು ಇಲಾಖೆ ಇದೆ. ದೂರು ಬರೆಯೋಕೆ ಕಷ್ಟ ಆದರೆ ನನಗೆ ಮೆಸೇಜ್ ಮಾಡಿ, ಕೂತು ಬರೆಯೋಣ.

ಈಗ ಆ ತಾಯಿಯ ಪ್ರಶ್ನೆಗೆ ಉತ್ತರ, ಅವರಂಥ ಎಲ್ಲಾ ತಾಯಂದಿರಿಗೂ.

ದಿಟ ಅಲ್ಲವ್ವ. ಅಜಾಗರೂಕತೆ ಆಯ್ತು ಅಂತ ಪರಿಹಾರ ತಪ್ಪಿಸೋಕೆ ಬರಲ್ಲ. 1923ರ ಪರಿಹಾರ ಕಾಯ್ದೆಯಿಂದ ಇವತ್ತಿನ ಸಾಮಾಜಿಕ ಭದ್ರತೆ ಸಂಹಿತೆವರೆಗೂ ಮಾಲೀಕನಿಗೆ ಅಡ್ಡ ಹೇಳೋಕೆ ಇರೋದು ಕೆಲವೇ ಕಾರಣ: ಕುಡಿದಿದ್ದ, ಸುರಕ್ಷತೆ ನಿಯಮವನ್ನ ಬೇಕಂತಲೇ ಮುರಿದ, ಸುರಕ್ಷತೆಯ ಸಾಧನವನ್ನ ಬೇಕಂತಲೇ ತೆಗೆದ. ಸಾವು ಆದರೆ, ಪೂರ್ಣ ಶಾಶ್ವತ ಅಂಗವಿಕಲತೆ ಆದರೆ ಆ ಕಾರಣಗಳೂ ನಡೆಯಲ್ಲ. ಇಎಸ್‌ಐ ಕಟ್ಟುತ್ತಿದ್ದರೆ ಚಿಕಿತ್ಸೆ, ಕೆಲಸಕ್ಕೆ ಹೋಗಲಾಗದ ದಿನಗಳ ದುಡ್ಡು ಅಲ್ಲಿಂದ ಬರಬೇಕು. ಕಂಟ್ರಾಕ್ಟರ್ ಇಎಸ್‌ಐ ಕಟ್ಟಿಲ್ಲ ಅಂದರೆ ಮುಖ್ಯ ಮಾಲೀಕನೇ ಹೊಣೆ. "ಅವನು ನಮ್ಮ ಕಾರ್ಮಿಕ ಅಲ್ಲ, ಕಂಟ್ರಾಕ್ಟರಿನವನು" ಅಂತ ಕೈ ತೊಳೆಯೋಕೆ ಆಗಲ್ಲ. ಆಸ್ಪತ್ರೆಯಲ್ಲಿ ಯಾರಾದರೂ ಬಂದು ಖಾಲಿ ಕಾಗದಕ್ಕೆ, ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಅಂದರೆ ಒತ್ತಬೇಡಿ. ಗೇಟ್ ಪಾಸ್, ಸಂಬಳದ ಸ್ಲಿಪ್, ಬ್ಯಾಂಕ್ ಪಾಸ್‌ಬುಕ್ ಜೋಪಾನ ಮಾಡಿ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಬಿಡದಿ, ಹಾರೋಹಳ್ಳಿಯ ಎಲ್ಲಾ ಕಾರ್ಖಾನೆಗಳಲ್ಲಿ ಬಾಯ್ಲರ್ ಜೊತೆಗೆ ಸ್ಟೀಮ್ ಲೈನ್, ಟ್ರ್ಯಾಪ್, ಡ್ರೈನ್ ಎಲ್ಲದರ ತಪಾಸಣೆ ಆಗಬೇಕು, ಅದರ ವರದಿ ಬಾಯ್ಲರ್ ರೂಮಿನ ಬಾಗಿಲಿಗೆ ಕನ್ನಡದಲ್ಲೂ ಹಿಂದಿಯಲ್ಲೂ ಅಂಟಿಸಿರಬೇಕು. ಬಾಯ್ಲರಿನಲ್ಲಿ ಕೆಲಸ ಮಾಡೋನ ಹೆಸರು ಬಾಯ್ಲರಿನ ರೆಕಾರ್ಡಿನಲ್ಲೇ ಇರಬೇಕು, ಅನುಭವದ ಪತ್ರ ಅವನ ಹಕ್ಕಾಗಬೇಕು, ಪರೀಕ್ಷೆಗೆ ತರಬೇತಿ ಸರ್ಕಾರವೇ ಕೊಡಬೇಕು. ಕೊನೆಯದು, ಎಲ್ಲಕ್ಕಿಂತ ಮುಖ್ಯ: ವಾಲ್ವಿನ ಹತ್ತಿರ ನಿಂತವನು "ಈಗ ತೆಗೆಯಲ್ಲ" ಅಂದರೆ ಆ ಮಾತು ನಡೆಯಬೇಕು. ಅದಕ್ಕಾಗಿ ಅವನ ಕೆಲಸ ಹೋಗಬಾರದು.

ಬೇಡ ಅನ್ನೋ ಅಧಿಕಾರ ಇಲ್ಲದವನ ಕೈಗೆ ವಾಲ್ವ್ ಕೊಟ್ಟು, ಆಮೇಲೆ ನೀನೇ ತಿರುಗಿಸಿದೆ ಅನ್ನೋದು ಅನ್ಯಾಯ. ನಮ್ಮಜ್ಜಂದಿರು ಅದನ್ನ ಬೇರೆ ಬೇರೆ ಹೆಸರಲ್ಲಿ ಕೇಳಿದ್ದಾರೆ. ನಾವು ಕೇಳಿದ್ದು ಸಾಕು.

ನಾಳೆ ಮತ್ತೆ ಆಸ್ಪತ್ರೆಗೆ ಹೋಗ್ತಿದ್ದೀನಿ, ವಕೀಲರನ್ನೂ ಕರೆದುಕೊಂಡು. ಆ ಹುಡುಗನಿಗೆ ಇನ್ನೂ ಕೈ ಮಡಚೋಕೆ ಆಗ್ತಿಲ್ಲ. ಹೊರಡುವಾಗ ಅವನು ಮೆಲ್ಲಗೆ ಕೇಳಿದ: "ಅಣ್ಣ, ಆ ಲೈನು ರಿಪೇರಿ ಮಾಡಿದ್ರಂತಾ? ಈಗ ನನ್ ಜಾಗಕ್ಕೆ ನಮ್ ಮಾವನ ಮಗನ್ನ ಹಾಕವ್ರೆ."

ಹಂಚಿಕೊಳ್ಳಿ. ಬಾಯ್ಲರ್ ರೂಮಿನಲ್ಲಿ ದುಡಿಯೋರು ಕಾಮೆಂಟಿನಲ್ಲಿ ನಿಮ್ಮ ಅನುಭವ ಬರೀರಿ, ಕಂಪನಿ ಹೆಸರು ಬೇಡ.

ಜೈಭೀಮ್.